ಉಬ್ಬಿದ ರಕ್ತನಾಳ, ಸೋಲುವ ಹೃದಯ

1948ರ ಡಿಸೆಂಬರ್ ತಿಂಗಳು. ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿದ್ದ ಯಹೂದಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಮೇಜಿನ ಮೇಲೆ ಮಲಗಿದ್ದವರು ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೀನ್. ಆಗ ಅವರಿಗೆ 69 ವರ್ಷ. ಆಗಾಗ ಬಂದು ಹೋಗುತ್ತಿದ್ದ ಹೊಟ್ಟೆನೋವಿನ ಮೂಲ ಪತ್ತೆ ಮಾಡಲು ಶಸ್ತ್ರವೈದ್ಯ ರುಡಾಲ್ಫ್ ನಿಸೆನ್ ಹೊಟ್ಟೆಯನ್ನು ತೆರೆದು ನೋಡಿದರು. ದೇಹದ ಅತಿ ದೊಡ್ಡ ರಕ್ತನಾಳವಾದ ಮಹಾಪಧಮನಿ ಬೆನ್ನುಮೂಳೆಯ ಮುಂದೆ ದೊಡ್ಡ ಮೂಸಂಬಿಯಷ್ಟು ಗಾತ್ರಕ್ಕೆ ಉಬ್ಬಿ ನಿಂತಿತ್ತು. ಪ್ರತಿ ಬಡಿತಕ್ಕೂ ಆ ಉಬ್ಬು ಮಿಡಿಯುತ್ತಿತ್ತು.

ಅದನ್ನು ಕತ್ತರಿಸಿ ತೆಗೆದು ಬೇರೆ ನಾಳ ಜೋಡಿಸುವ ವಿದ್ಯೆ ಆಗಿನ್ನೂ ಯಾರ ಕೈಗೂ ದಕ್ಕಿರಲಿಲ್ಲ. ನಿಸೆನ್ ಆಗ ಬಳಕೆಯಲ್ಲಿದ್ದ ಒಂದು ಉಪಾಯದ ಮೊರೆಹೋದರು. ಸಿಹಿತಿಂಡಿ, ಸಿಗರೇಟು ಪೊಟ್ಟಣಗಳಿಗೆ ಸುತ್ತುವ ಸೆಲೋಫೇನ್ ಹಾಳೆಯನ್ನೇ ಉಬ್ಬಿನ ಸುತ್ತ ಸುತ್ತಿದರು. ಪರಕೀಯ ವಸ್ತು ತಗುಲಿದಾಗ ದೇಹ ಕೆರಳಿ, ಅದರ ಸುತ್ತ ಗಡುಸಾದ ನಾರನ್ನು ಕಟ್ಟಿಕೊಳ್ಳುತ್ತದೆ. ಆ ನಾರು ತೆಳ್ಳಗಾದ ಗೋಡೆಗೆ ಒತ್ತಾಸೆಯಾಗಬಹುದು ಎಂಬುದು ಲೆಕ್ಕಾಚಾರ. ಐನ್‌ಸ್ಟೀನ್ ಚೇತರಿಸಿಕೊಂಡು ಮನೆಗೆ ಮರಳಿದರು. ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. 1955ರ ಏಪ್ರಿಲ್‌ನಲ್ಲಿ ಉಬ್ಬು ಒಡೆಯಿತು. ಅಷ್ಟರಲ್ಲಿ ಹೊಸ ಶಸ್ತ್ರಚಿಕಿತ್ಸೆ ಬಂದಿತ್ತು. ವೈದ್ಯರು ಮಾಡೋಣವೆಂದರೂ ಅವರು ಒಪ್ಪಲಿಲ್ಲ. ಏಪ್ರಿಲ್ 18ರ ನಸುಕಿನಲ್ಲಿ ಪ್ರಿನ್ಸ್‌ಟನ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಈ ಕಾಯಿಲೆಯ ಚರಿತ್ರೆಯನ್ನು ಬರೆದವರೆಲ್ಲ ಐನ್‌ಸ್ಟೀನರನ್ನು ನೆನೆಯುತ್ತಾರೆ. ಆದರೆ ಆ ಚರಿತ್ರೆಯ ದೊಡ್ಡ ತಿರುವು ಬಂದದ್ದು ಅವರ ನಂತರ. ಒಡೆಯುವ ಉಬ್ಬನ್ನು ಗೆಲ್ಲಲು ವೈದ್ಯಲೋಕ ನೂರಾರು ವರ್ಷ ಹೆಣಗಿತು. ಕೊನೆಗೂ ಗೆದ್ದಿತು. ಗೆದ್ದ ಮೇಲೆ ರೋಗಿಗಳು ಎಷ್ಟು ವರ್ಷ ಬದುಕಿದರು ಎಂದು ಲೆಕ್ಕ ಹಾಕಲು ಕುಳಿತಾಗ ತಿಳಿದದ್ದು ಬೇರೆಯೇ ಸಂಗತಿ. ಅವರನ್ನು ಕೊಲ್ಲುತ್ತಿದ್ದುದು ಹೃದಯ.

ಸೈಕಲ್ ಟ್ಯೂಬಿನ ಉಬ್ಬು

ಮಹಾಪಧಮನಿ ಹೃದಯದಿಂದ ಹೊರಟು, ಕೊಡೆಯ ಹಿಡಿಯಂತೆ ಬಾಗಿ, ಬೆನ್ನುಮೂಳೆಗೆ ಒರಗಿಕೊಂಡು ಕೆಳಗಿಳಿಯುತ್ತದೆ. ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆದು ಕಾಲುಗಳ ಕಡೆ ಸಾಗುತ್ತದೆ. ಹೊಟ್ಟೆಯ ಭಾಗದಲ್ಲಿ ಇದರ ಅಡ್ಡಳತೆ ಸುಮಾರು 2 ಸೆಂಟಿಮೀಟರ್. ಗೋಡೆಯಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ನಾರುಗಳಿರುತ್ತವೆ. ವಯಸ್ಸು, ತಂಬಾಕಿನ ಹೊಗೆ, ರಕ್ತದ ಏರೊತ್ತಡ, ಅನುವಂಶೀಯ ಕಾರಣಗಳಿಂದ ಕೆಲವರಲ್ಲಿ ಈ ನಾರುಗಳು ಸವೆಯುತ್ತವೆ. ಆಗ ಆ ಜಾಗ ಹಳೆಯ ಸೈಕಲ್ ಟ್ಯೂಬು ಒಂದು ಕಡೆ ಉಬ್ಬುವಂತೆ ಉಬ್ಬುತ್ತದೆ. ಇದಕ್ಕೆ ವೈದ್ಯರು ಅನ್ಯೂರಿಸಂ ಎನ್ನುತ್ತಾರೆ. ಅಡ್ಡಳತೆ 3 ಸೆಂಟಿಮೀಟರ್ ತಲುಪಿದರೆ ಅದು ಅನ್ಯೂರಿಸಂ ಎಂದು ಲೆಕ್ಕ.

ಟ್ಯೂಬಿನಂತೆಯೇ ಇಲ್ಲಿಯೂ ಉಬ್ಬು ಹಿಗ್ಗಿದಷ್ಟೂ ಗೋಡೆಯ ಮೇಲಿನ ಬಿಗಿತ ಹೆಚ್ಚುತ್ತದೆ. ಬಿಗಿತ ಹೆಚ್ಚಿದಷ್ಟೂ ಉಬ್ಬು ಮತ್ತೆ ಹಿಗ್ಗುತ್ತದೆ. ಹೆಚ್ಚಿನವರಿಗೆ ನೋವಿಲ್ಲ, ಸುಳಿವಿಲ್ಲ. ಒಡೆದ ದಿನವೇ ಮೊದಲ ಸೂಚನೆ. ಒಡೆದವರಲ್ಲಿ ಬಹಳ ಮಂದಿ ಆಸ್ಪತ್ರೆಯ ಬಾಗಿಲನ್ನೂ ಮುಟ್ಟುವುದಿಲ್ಲ.

ದಾರ ಬಿಗಿದ ಕಾಲ

ರೋಗ ಹಳೆಯದು. ಶರೀರರಚನಾ ಶಾಸ್ತ್ರದ ಪಿತಾಮಹರೆನಿಸಿದ ವೆಸಾಲಿಯಸ್ 1555ರಲ್ಲಿ ಬದುಕಿದ್ದ ಒಬ್ಬ ರೋಗಿಯ ಬೆನ್ನಿನಲ್ಲಿ ಮಿಡಿಯುತ್ತಿದ್ದ ಗಂಟನ್ನು ನೋಡಿ, ಇದು ಮಹಾಪಧಮನಿಯ ಉಬ್ಬು ಎಂದು ಗುರುತಿಸಿದ್ದರು. ರೋಗಿ ತೀರಿಕೊಂಡ ಮೇಲೆ ಶವಪರೀಕ್ಷೆಯಲ್ಲಿ ಅವರ ಮಾತು ನಿಜವಾಯಿತು. ರೋಗ ತಿಳಿಯಿತು, ಮದ್ದು ತಿಳಿಯಲಿಲ್ಲ.

1817ರಲ್ಲಿ ಲಂಡನ್ನಿನ ಆಸ್ಟ್ಲಿ ಕೂಪರ್ ರೋಗಿಯೊಬ್ಬನ ರಕ್ತಸ್ರಾವ ನಿಲ್ಲಿಸಲು ಮಹಾಪಧಮನಿಗೇ ದಾರ ಬಿಗಿದರು. ಆ ರೋಗಿ 40 ಗಂಟೆ ಬದುಕಿದ. ನಂತರದ ಒಂದು ಶತಮಾನದಲ್ಲಿ ಇದೇ ಪ್ರಯತ್ನ ಮಾಡಿದವರು ಹಲವರು, ಗೆದ್ದವರಿಲ್ಲ. 1923ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ರುಡಾಲ್ಫ್ ಮೆಟಾಸ್ ದಾರ ಕಟ್ಟಿದ ರೋಗಿ ಸುಮಾರು ಒಂದೂವರೆ ವರ್ಷ ಬದುಕಿ, ಕೊನೆಗೆ ಕ್ಷಯರೋಗದಿಂದ ತೀರಿಕೊಂಡ. ಆ ಕಾಲಕ್ಕೆ ಅದೇ ದೊಡ್ಡ ಗೆಲುವು. ಉಬ್ಬಿನೊಳಗೆ ತಂತಿ ತುರುಕಿ ರಕ್ತ ಹೆಪ್ಪುಗಟ್ಟಿಸುವ ಪ್ರಯೋಗಗಳೂ ನಡೆದವು. ಸೆಲೋಫೇನ್ ಸುತ್ತುವುದು ಈ ಸಾಲಿನ ಕೊನೆಯ ಉಪಾಯಗಳಲ್ಲೊಂದು.

ಉಬ್ಬನ್ನು ಮುಟ್ಟದೆ ಬಿಟ್ಟರೆ ಏನಾಗುತ್ತದೆ? ಇದಕ್ಕೆ ಅಂಕಿ ಅಂಶಗಳ ಉತ್ತರ ಕೊಟ್ಟದ್ದು 1950ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಿಂದ ಬಂದ ಅರ್ಲ್ ಎಸ್ಟೆಸ್ ಅವರ ಅಧ್ಯಯನ. ಹೊಟ್ಟೆಯ ಭಾಗದಲ್ಲಿ ಉಬ್ಬು ಇದ್ದ 102 ರೋಗಿಗಳ ಜಾಡನ್ನು ಅವರು ಹಿಡಿದರು. ಐದು ವರ್ಷ ದಾಟಿ ಉಳಿದವರು ಐವರಲ್ಲಿ ಒಬ್ಬರಿಗಿಂತಲೂ ಕಡಿಮೆ. ಸತ್ತವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಯ ಸಾವಿಗೆ ಉಬ್ಬು ಒಡೆದದ್ದೇ ಕಾರಣ. ಉಳಿದ ಮೂರನೇ ಒಂದು ಭಾಗ ಏಕೆ ಸತ್ತರು ಎಂಬ ಪ್ರಶ್ನೆಗೆ ಆಗ ಅಷ್ಟು ಮಹತ್ವ ಬರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಗೋಡೆಯ ಗೆದ್ದಲನ್ನು ಯಾರು ನೋಡುತ್ತಾರೆ?

ಹೊಲಿಗೆ ಯಂತ್ರದಲ್ಲಿ ಹುಟ್ಟಿದ ನಾಳ

ಎಸ್ಟೆಸ್ ವರದಿ ಬಂದ ಮರುವರ್ಷವೇ, 1951ರ ಮಾರ್ಚ್ 29ರಂದು, ಪ್ಯಾರಿಸ್‌ನಲ್ಲಿ ಷಾರ್ಲ್ ಡ್ಯುಬೊ ಹೊಸ ಅಧ್ಯಾಯ ತೆರೆದರು. 50 ವರ್ಷದ ರೋಗಿಯೊಬ್ಬನ ಹೊಟ್ಟೆಯ ಉಬ್ಬನ್ನು ಕತ್ತರಿಸಿ ತೆಗೆದು, ಮೃತಪಟ್ಟ ವ್ಯಕ್ತಿಯೊಬ್ಬರ ದೇಹದಿಂದ ತೆಗೆದಿರಿಸಿದ್ದ ಮಹಾಪಧಮನಿಯ ತುಂಡನ್ನು ಅಲ್ಲಿ ಹೊಲಿದರು. ರೋಗಿ ಬದುಕಿದ. ಸುದ್ದಿ ಅಟ್ಲಾಂಟಿಕ್ ದಾಟಿ ಅಮೆರಿಕ ತಲುಪಿತು. ಆದರೆ ಶವಗಳಿಂದ ನಾಳ ತೆಗೆದು ಕಾಪಿಡುವುದು ಸುಲಭದ ಕೆಲಸವಲ್ಲ. ಕಾಲ ಕಳೆದಂತೆ ಅಂಥ ನಾಳಗಳೂ ಹಾಳಾಗುತ್ತಿದ್ದವು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತರುಣ ವೈದ್ಯ ಆರ್ಥರ್ ವೂರ್‌ಹೀಸ್ ನಾಯಿಯೊಂದರ ಹೃದಯದಲ್ಲಿ ಉಳಿದುಹೋಗಿದ್ದ ರೇಷ್ಮೆ ದಾರದ ಮೇಲೆ ಹೊಳೆಯುವ ತೆಳುಪೊರೆ ಬೆಳೆದಿದ್ದನ್ನು ಗಮನಿಸಿದ್ದರು. ದಾರದ ಮೇಲೆ ಬೆಳೆಯುವ ಪೊರೆ ಬಟ್ಟೆಯ ಮೇಲೂ ಬೆಳೆಯಬಾರದೇಕೆ? ವಿನ್ಯಾನ್ ಎಂಬ ಕೃತಕ ಬಟ್ಟೆಯಿಂದ ಕೊಳವೆ ಹೊಲಿದು ನಾಯಿಗಳ ಮೇಲೆ ಪ್ರಯೋಗಿಸಿ 1952ರಲ್ಲಿ ಅವರು ಫಲಿತಾಂಶ ಪ್ರಕಟಿಸಿದರು.

ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಮೈಕೆಲ್ ಡಿಬೇಕಿ ಇದನ್ನು ಮುಂದುವರಿಸಿದರು. ಬಾಲ್ಯದಲ್ಲಿ ತಾಯಿಯಿಂದ ಹೊಲಿಗೆ ಕಲಿತಿದ್ದ ಅವರು ನಗರದ ಅಂಗಡಿಯೊಂದಕ್ಕೆ ನೈಲಾನ್ ಕೊಳ್ಳಲು ಹೋದರು. ನೈಲಾನ್ ಮುಗಿದಿತ್ತು, ಡೇಕ್ರಾನ್ ಎಂಬ ಹೊಸ ಬಟ್ಟೆ ಇತ್ತು. ಅದನ್ನೇ ತಂದು, ಮನೆಯ ಹೊಲಿಗೆ ಯಂತ್ರದಲ್ಲಿ ಕೊಳವೆ ಮಾಡಿದರು. 1954ರ ಹೊತ್ತಿಗೆ ಅದು ರೋಗಿಯ ದೇಹ ಸೇರಿತು. ಅಂಗಡಿಯಲ್ಲಿ ನೈಲಾನ್ ಸಿಗದಿದ್ದುದೇ ಅದೃಷ್ಟ ಎಂಬುದು ನಂತರ ತಿಳಿಯಿತು. ದೇಹದೊಳಗೆ ನೈಲಾನ್ ಶಿಥಿಲವಾಗುತ್ತದೆ, ಡೇಕ್ರಾನ್ ಬಾಳುತ್ತದೆ. ಇಂದಿಗೂ ಮಹಾಪಧಮನಿಯ ಶಸ್ತ್ರಚಿಕಿತ್ಸೆಗಳಲ್ಲಿ ಡೇಕ್ರಾನ್ ಕೊಳವೆ ಬಳಕೆಯಲ್ಲಿದೆ.

ಆಮೇಲಿನ ಎರಡು ದಶಕಗಳು ಶಸ್ತ್ರವೈದ್ಯರ ಸುಗ್ಗಿಯ ಕಾಲ. ಅರಿವಳಿಕೆ ಸುಧಾರಿಸಿತು, ರಕ್ತ ಪೂರೈಕೆ ಸುಲಭವಾಯಿತು, ತೀವ್ರ ನಿಗಾ ಘಟಕಗಳು ಬಂದವು. ಮೊದಲ ವರ್ಷಗಳಲ್ಲಿ ಮೇಜಿನ ಮೇಲೇ ಅಥವಾ ಕೆಲವೇ ದಿನಗಳಲ್ಲಿ ಸಾಯುತ್ತಿದ್ದವರ ಪ್ರಮಾಣ ಕ್ರಮೇಣ ಇಳಿಯುತ್ತಾ ಬಂತು. 1966ರಲ್ಲಿ ಡೆಟ್ರಾಯಿಟ್‌ನ ಎಮೆರಿಕ್ ಸಿಲಾಗಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಮಾಡಿಸಿಕೊಳ್ಳದವರೊಂದಿಗೆ ಹೋಲಿಸಿ, ಚಿಕಿತ್ಸೆಯಿಂದ ಆಯುಷ್ಯ ಇಮ್ಮಡಿಯಾಗುತ್ತದೆಂದು ತೋರಿಸಿದರು. ಒಡೆಯುವ ಭಯ ಹೋಯಿತು ಎಂದಮೇಲೆ ಇನ್ನೇನು ಬೇಕು?

ಮನೆಗೆ ಹೋದವರ ಲೆಕ್ಕ

ಬೇಕಾದದ್ದು ಲೆಕ್ಕ. ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದ ರೋಗಿ ಐದು, ಹತ್ತು ವರ್ಷಗಳ ನಂತರ ಹೇಗಿದ್ದಾನೆ? ಆಸ್ಪತ್ರೆಯ ದಾಖಲೆಯಲ್ಲಿ ‘ಗುಣವಾಗಿ ಬಿಡುಗಡೆ’ ಎಂದು ಬರೆದ ಮೇಲೆ ಆ ವ್ಯಕ್ತಿಯ ಹಿಂದೆ ಬೀಳುವವರು ಕಡಿಮೆ. ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ನಾರ್ಮನ್ ಹರ್ಟ್‌ಜರ್ ಹಾಗೆ ಹಿಂದೆ ಬಿದ್ದವರು. ಉಬ್ಬಿನ ಶಸ್ತ್ರಚಿಕಿತ್ಸೆಯಾದ 343 ಮಂದಿಯನ್ನು 6ರಿಂದ 11 ವರ್ಷಗಳವರೆಗೆ ಹಿಂಬಾಲಿಸಿ 1980ರಲ್ಲಿ ಅವರು ವರದಿ ಪ್ರಕಟಿಸಿದರು.

ಹೊಲಿದ ನಾಳ ಬಿಚ್ಚಿಕೊಂಡು ಸತ್ತವರು ಅಪರೂಪ. ಶಸ್ತ್ರಚಿಕಿತ್ಸೆಯ ಬೆನ್ನಿಗೇ ಸತ್ತವರಲ್ಲಿ ಮಾತ್ರವಲ್ಲ, ವರ್ಷಗಳ ನಂತರ ಸತ್ತವರಲ್ಲಿಯೂ ಹೃದಯಾಘಾತವೇ ಮೊದಲ ಸ್ಥಾನದಲ್ಲಿತ್ತು. ಮೊದಲೇ ಹೃದ್ರೋಗದ ಲಕ್ಷಣವಿದ್ದವರ ಆಯುಷ್ಯ, ಇಲ್ಲದವರಿಗಿಂತ ಸ್ಪಷ್ಟವಾಗಿ ಕಡಿಮೆ. 1981ರಲ್ಲಿ ಹ್ಯೂಸ್ಟನ್ನಿನ ಸ್ಟ್ಯಾನ್ಲಿ ಕ್ರಾಫರ್ಡ್ ತಮ್ಮ 25 ವರ್ಷಗಳ ಅನುಭವವನ್ನು ಮುಂದಿಟ್ಟಾಗಲೂ ಇದೇ ಚಿತ್ರ. ಶಸ್ತ್ರಚಿಕಿತ್ಸೆಯ ಸಾವು ಬಹುಪಾಲು ಇಳಿದಿತ್ತು. ದೂರದ ಸಾವಿಗೆ ಹೃದಯವೇ ಮುಖ್ಯ ಕಾರಣವಾಗಿ ಉಳಿದಿತ್ತು. 1994ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ, ಉಬ್ಬು ಒಡೆಯುವ ಮೊದಲೇ ಶಸ್ತ್ರಚಿಕಿತ್ಸೆಯಾದ 680 ಮಂದಿಯಲ್ಲಿ ಆರು ವರ್ಷ ಉಳಿದವರು ನೂರಕ್ಕೆ ಸುಮಾರು 60. ಅದೇ ವಯಸ್ಸಿನ ಇತರ ಜನರಲ್ಲಿ ಈ ಪ್ರಮಾಣ 80ರ ಹತ್ತಿರವಿತ್ತು.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಹಾಪಧಮನಿಯ ಗೋಡೆಯನ್ನು ಹಾಳುಮಾಡುವ ತಂಬಾಕು, ಏರೊತ್ತಡ, ಮುಪ್ಪು ಹೃದಯಕ್ಕೆ ರಕ್ತ ಕೊಡುವ ಕರೋನರಿ ನಾಳಗಳನ್ನೂ ಬಿಡುವುದಿಲ್ಲ. ದೊಡ್ಡ ನಾಳದಲ್ಲಿ ಗೋಡೆ ಸವೆದು ಉಬ್ಬುತ್ತದೆ. ಸಣ್ಣ ನಾಳದಲ್ಲಿ ಕೊಬ್ಬಿನ ಕರಟ ಕಟ್ಟಿ ದಾರಿ ಕಿರಿದಾಗುತ್ತದೆ. ಎರಡೂ ಪೂರ್ತಿ ಒಂದೇ ರೋಗವಲ್ಲದಿದ್ದರೂ ಒಂದೇ ಮನೆಯಲ್ಲಿ ವಾಸಿಸುವ ನೆಂಟರು. ಶಸ್ತ್ರವೈದ್ಯ ಒಬ್ಬನನ್ನು ಹೊರಗೆ ಹಾಕಿದರೂ ಇನ್ನೊಬ್ಬ ಒಳಗೇ ಉಳಿಯುತ್ತಾನೆ.

ಸಾವಿರ ಹೃದಯಗಳ ಚಿತ್ರ

ಹೃದ್ರೋಗ ಎಷ್ಟು ಮಂದಿಯಲ್ಲಿದೆ ಎಂಬುದನ್ನು ನೋಡಿಯೇ ಬಿಡೋಣವೆಂದು ಹರ್ಟ್‌ಜರ್ ಮತ್ತು ಸಂಗಡಿಗರು ಹೊರಟರು. 1978ರಿಂದ 1982ರವರೆಗೆ ರಕ್ತನಾಳದ ಶಸ್ತ್ರಚಿಕಿತ್ಸೆಗೆಂದು ಬಂದ 1000 ಮಂದಿಗೆ ಮೊದಲು ಕರೋನರಿ ಆಂಜಿಯೋಗ್ರಾಂ ಮಾಡಲಾಯಿತು. ಹೃದಯದ ನಾಳಗಳಿಗೆ ಬಣ್ಣದ ದ್ರವ ಹರಿಸಿ ಕ್ಷಕಿರಣದಲ್ಲಿ ಚಿತ್ರ ತೆಗೆಯುವ ಪರೀಕ್ಷೆ ಇದು. 1984ರಲ್ಲಿ ಹೊರಬಿದ್ದ ಫಲಿತಾಂಶ ವೈದ್ಯರನ್ನು ಬೆಚ್ಚಿಬೀಳಿಸಿತು. ಹೃದಯದ ನಾಳಗಳು ಸಂಪೂರ್ಣ ಶುದ್ಧವಾಗಿದ್ದವರು ನೂರಕ್ಕೆ ಎಂಟು ಮಂದಿ ಮಾತ್ರ! ಹೊಟ್ಟೆಯಲ್ಲಿ ಉಬ್ಬು ಇದ್ದವರ ಪೈಕಿ ನೂರಕ್ಕೆ ಸುಮಾರು 30 ಮಂದಿಗೆ, ಬೈಪಾಸ್ ಮಾಡಬಹುದಾದಷ್ಟು ತೀವ್ರ ಹೃದ್ರೋಗವಿತ್ತು. ಎದೆನೋವೇ ಇಲ್ಲದ, ಹೃದ್ರೋಗದ ಗುಮಾನಿಯೂ ಇಲ್ಲದ ಕೆಲವರಲ್ಲಿಯೂ ಅದು ಅಡಗಿತ್ತು.

ಇದರಿಂದ ಹೊರಟ ತೀರ್ಮಾನ ಯಾರಿಗಾದರೂ ಸರಿಯೆನ್ನಿಸುವಂಥದು. ಮೊದಲು ಹೃದಯವನ್ನು ರಿಪೇರಿ ಮಾಡಿ, ಆಮೇಲೆ ಉಬ್ಬಿಗೆ ಕೈಹಾಕಿ. ಹಲವು ದೊಡ್ಡ ಆಸ್ಪತ್ರೆಗಳಲ್ಲಿ ಹಾಗೆಯೇ ಮಾಡಲಾಯಿತು. ಬೈಪಾಸ್ ಆದವರು ಹೆಚ್ಚು ಕಾಲ ಬದುಕಿದಂತೆ ಕಂಡರು. ಆದರೆ ಅಲ್ಲೊಂದು ತೊಡಕಿತ್ತು. ಎರಡು ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ತಡೆದುಕೊಳ್ಳಬಲ್ಲವರು ಮೊದಲೇ ಸ್ವಲ್ಪ ಗಟ್ಟಿಮುಟ್ಟಾದವರು. ಅವರು ಹೆಚ್ಚು ಬದುಕಿದ್ದು ಬೈಪಾಸಿನ ಫಲವೋ, ಅವರ ಮೈಕಟ್ಟಿನ ಫಲವೋ?

ಸರಿಯೆನ್ನಿಸಿದ್ದು ಸರಿಯಾಗಲಿಲ್ಲ

ಉತ್ತರ ಬರಲು ಇಪ್ಪತ್ತು ವರ್ಷ ಹಿಡಿಯಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಮೆಕ್‌ಫಾಲ್ಸ್ ನೇತೃತ್ವದಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಮಹಾಪಧಮನಿಯ ಉಬ್ಬು ಅಥವಾ ಕಾಲಿನ ರಕ್ತನಾಳದ ತಡೆಗಾಗಿ ಶಸ್ತ್ರಚಿಕಿತ್ಸೆ ಬೇಕಾಗಿದ್ದ, ಜೊತೆಗೆ ಹೃದ್ರೋಗವೂ ಇದ್ದ 510 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಮೊದಲು ಬೈಪಾಸ್ ಅಥವಾ ಆಂಜಿಯೋಪ್ಲಾಸ್ಟಿ. ಇನ್ನೊಂದು ಗುಂಪಿಗೆ ಅದಿಲ್ಲದೆ ನೇರವಾಗಿ ರಕ್ತನಾಳದ ಶಸ್ತ್ರಚಿಕಿತ್ಸೆ. ಎರಡೂ ಗುಂಪಿನವರಲ್ಲಿ ಹೃದಯಕ್ಕೆ ಬೇಕಾದ ಮಾತ್ರೆಗಳ ಬಳಕೆ ಸಾಕಷ್ಟಿತ್ತು.

ಸುಮಾರು ಎರಡು ವರ್ಷ ಎಂಟು ತಿಂಗಳ ನಂತರ ಮೊದಲ ಗುಂಪಿನಲ್ಲಿ ಸತ್ತವರು ನೂರಕ್ಕೆ 22, ಎರಡನೆಯ ಗುಂಪಿನಲ್ಲಿ 23. ವ್ಯತ್ಯಾಸವೇ ಇಲ್ಲ! ಹೃದಯ ರಿಪೇರಿಗೆಂದು ಕಾದವರ ಮುಖ್ಯ ಶಸ್ತ್ರಚಿಕಿತ್ಸೆ ವಾರಗಟ್ಟಲೆ ತಡವಾಯಿತು. ಕೆಲವರು ಆ ಅವಧಿಯಲ್ಲೇ ತೀರಿಕೊಂಡರು. ಹೃದಯದ ಎಡಭಾಗದ ಮುಖ್ಯ ನಾಳವೇ ತೀವ್ರವಾಗಿ ಕಟ್ಟಿದ್ದವರನ್ನು ಈ ಪರೀಕ್ಷೆಗೆ ಸೇರಿಸಿರಲಿಲ್ಲ. ಅಂಥವರಿಗೆ ಹೃದಯದ ಚಿಕಿತ್ಸೆ ಇಂದಿಗೂ ಮೊದಲು. ಉಳಿದವರ ಮಟ್ಟಿಗೆ ‘ಮೊದಲು ಬೈಪಾಸ್’ ಎಂಬ ನಿಯಮ ಸಡಿಲಾಯಿತು.

ಹೀಗೇಕಾಯಿತು? ಹೃದಯಾಘಾತ ಯಾವಾಗಲೂ ಅತಿ ಕಿರಿದಾದ ಜಾಗದಲ್ಲೇ ಆಗುವುದಿಲ್ಲ. ಅಷ್ಟೇನೂ ಅಡ್ಡಗಟ್ಟದ ಮೆತ್ತನೆಯ ಕರಟವೊಂದು ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುವುದೂ ಸಾಮಾನ್ಯ. ಚಿತ್ರದಲ್ಲಿ ಕಂಡ ಎರಡು ಮೂರು ಇಕ್ಕಟ್ಟುಗಳನ್ನು ಸರಿಪಡಿಸಿದರೆ ಉಳಿದ ಉದ್ದಕ್ಕೂ ಹಬ್ಬಿರುವ ರೋಗ ಹೋಗುವುದಿಲ್ಲ.

ಸಣ್ಣ ರಂಧ್ರದ ದಾರಿ

ಅಷ್ಟರಲ್ಲಿ ಇನ್ನೊಂದು ಆಸೆ ಚಿಗುರಿತ್ತು. ಹೊಟ್ಟೆ ಸೀಳಿ, ಮಹಾಪಧಮನಿಯನ್ನು ಚಿಮಟದಿಂದ ಹಿಡಿದು ನಿಲ್ಲಿಸುವಾಗ ಹೃದಯಕ್ಕೆ ಬೀಳುವ ಹೊರೆ ದೊಡ್ಡದು. ಅದನ್ನೇ ತಪ್ಪಿಸಿದರೆ? 1990ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋಡಿ, ದೊಡ್ಡ ಶಸ್ತ್ರಚಿಕಿತ್ಸೆ ತಡೆಯಲಾರದ ರೋಗಿಗೆ ತೊಡೆಸಂದಿಯ ನಾಳದ ಮೂಲಕ ಮಡಚಿದ ಡೇಕ್ರಾನ್ ಕೊಳವೆಯನ್ನು ತೂರಿಸಿ, ಉಬ್ಬಿನೊಳಗೆ ಬಿಡಿಸಿ ನಿಲ್ಲಿಸಿದರು. ಅದಕ್ಕೂ ಮೊದಲು, 1987ರಲ್ಲಿ, ಉಕ್ರೇನಿನ ಖಾರ್ಕಿವ್ ನಗರದ ನಿಕೊಲಾಯ್ ವೊಲೊಡೊಸ್ ಎದೆಯ ಭಾಗದ ಮಹಾಪಧಮನಿಯಲ್ಲಿ ಇಂಥದೇ ಸಾಹಸ ಮಾಡಿದ್ದರು. ಆಗ ಆ ಸುದ್ದಿ ಹೊರಜಗತ್ತಿಗೆ ಹೆಚ್ಚು ತಲುಪಿರಲಿಲ್ಲ.

ಬ್ರಿಟನ್ನಿನಲ್ಲಿ 1999ರಲ್ಲಿ ಆರಂಭವಾದ ದೊಡ್ಡ ಪರೀಕ್ಷೆಯೊಂದು ಎರಡೂ ವಿಧಾನಗಳನ್ನು ಹೋಲಿಸಿತು. ಮೊದಲ 30 ದಿನಗಳಲ್ಲಿ ಸತ್ತವರು ಹೊಟ್ಟೆ ಸೀಳಿದ ಗುಂಪಿನಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು. ರಂಧ್ರದ ದಾರಿಯಲ್ಲಿ ಎರಡಕ್ಕಿಂತ ಕಡಿಮೆ. ಆದರೆ 2010ರಲ್ಲಿ 1252 ರೋಗಿಗಳ ದೀರ್ಘಕಾಲದ ಲೆಕ್ಕ ಬಂದಾಗ ಆ ಅಂತರ ಅಳಿಸಿಹೋಗಿತ್ತು. ಕೆಲ ವರ್ಷಗಳ ನಂತರ ಎರಡೂ ಗುಂಪುಗಳಲ್ಲಿ ಒಟ್ಟು ಸಾವು ಸಮನಾಯಿತು. ಒಳಗೆ ಕೂರಿಸಿದ ಕೊಳವೆಯ ಸೋರಿಕೆ ಒಂದು ತೊಂದರೆ. ಉಬ್ಬಿಗೆ ಸಂಬಂಧವೇ ಇಲ್ಲದ ಹೃದ್ರೋಗ, ಶ್ವಾಸಕೋಶದ ರೋಗ, ಕ್ಯಾನ್ಸರುಗಳ ಸಾವು ಅದಕ್ಕಿಂತ ದೊಡ್ಡದು.

ವೈದ್ಯರು ಕೇಳುವ ಹಳೆಯ ಪ್ರಶ್ನೆ

ಹಾಗಾದರೆ ಉಬ್ಬನ್ನು ಹುಡುಕುವುದೇ ವ್ಯರ್ಥವೇ? ಖಂಡಿತ ಅಲ್ಲ. ಬ್ರಿಟನ್ನಿನಲ್ಲಿ 65ರಿಂದ 74 ವರ್ಷದ 67,800 ಗಂಡಸರನ್ನು ಒಳಗೊಂಡ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅಲ್ಟ್ರಾಸೌಂಡ್ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಉಬ್ಬಿನಿಂದಾದ ಸಾವು ನೂರಕ್ಕೆ 40ಕ್ಕೂ ಹೆಚ್ಚು ಇಳಿದಿತ್ತು. ಇದರ ಬಲದ ಮೇಲೆ ಇಂಗ್ಲೆಂಡ್ 65 ತುಂಬಿದ ಗಂಡಸರಿಗೆಲ್ಲ ಒಮ್ಮೆ ಪರೀಕ್ಷೆ ಮಾಡುವ ಯೋಜನೆಯನ್ನು 2009ರಿಂದ ಜಾರಿಗೆ ತಂದಿತು.

ಸಿಕ್ಕ ಉಬ್ಬನ್ನೆಲ್ಲ ಕತ್ತರಿಸಬೇಕಾಗಿಲ್ಲ ಎಂಬುದೂ ಗೊತ್ತಾಗಿದೆ. 4ರಿಂದ 5.5 ಸೆಂಟಿಮೀಟರ್ ಗಾತ್ರದ ಉಬ್ಬು ಇದ್ದ 1090 ಮಂದಿಯ ಮೇಲೆ ನಡೆದ ಬ್ರಿಟಿಷ್ ಪರೀಕ್ಷೆಯ ಫಲಿತಾಂಶ 1998ರಲ್ಲಿ ಬಂತು. ಕೂಡಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೂ, ನಿಯಮಿತವಾಗಿ ಅಳತೆ ನೋಡಿಕೊಂಡು ಕಾದವರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಬದುಕಿದ್ದರು. ಗಂಡಸರಲ್ಲಿ 5.5 ಸೆಂಟಿಮೀಟರ್ ಎಂಬ ಗೆರೆ ಗಟ್ಟಿಯಾದದ್ದು ಹೀಗೆ. ಅದಕ್ಕಿಂತ ಚಿಕ್ಕ ಉಬ್ಬು ಇದ್ದವರನ್ನು ಉಬ್ಬಿಗಿಂತ ಹೆಚ್ಚಾಗಿ ಕಾಡುವುದು ಹೃದಯ.

ಆದ್ದರಿಂದಲೇ ಇಂದು ಅಲ್ಟ್ರಾಸೌಂಡ್‌ನಲ್ಲಿ ನಾಲ್ಕು ಸೆಂಟಿಮೀಟರ್ ಉಬ್ಬು ಕಂಡ ವ್ಯಕ್ತಿಗೆ ವೈದ್ಯರು ಶಸ್ತ್ರಚಿಕಿತ್ಸೆಯ ದಿನಾಂಕ ಕೊಡುವುದಿಲ್ಲ. ಸಿಗರೇಟು ಸೇದುತ್ತೀರಾ ಎಂದು ಕೇಳುತ್ತಾರೆ. ರಕ್ತದೊತ್ತಡ ಅಳೆಯುತ್ತಾರೆ. ಕೊಬ್ಬು ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆಯುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಬೇಕೇ ಎಂದು ನೋಡುತ್ತಾರೆ. ನಡೆದಾಡಿ ಎನ್ನುತ್ತಾರೆ. ಹೊಟ್ಟೆಯೊಳಗೆ ಉಬ್ಬು ಇಟ್ಟುಕೊಂಡು ಬಂದವನಿಗೆ ಇದು ನಿರಾಸೆ ತರಬಹುದು. ದೊಡ್ಡ ರೋಗಕ್ಕೆ ಇಷ್ಟು ಸಣ್ಣ ಮದ್ದೇ ಎನ್ನಿಸಬಹುದು. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೊರಟವನಿಗಂತೂ, ಎಲ್ಲ ಸರಿಹೋದ ಮೇಲೂ ಈ ಮಾತ್ರೆಗಳೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ತಿಂಗಳೆರಡು ಕಳೆಯುವಷ್ಟರಲ್ಲಿ ಮಾತ್ರೆ ನಿಲ್ಲಿಸಿ, ಬೀಡಿ ಹಚ್ಚುವವರೂ ಇದ್ದಾರೆ.

ಆ ಪ್ರಶ್ನೆಗೆ ಉತ್ತರ ಕ್ಲೀವ್‌ಲ್ಯಾಂಡಿನ 343 ಮಂದಿಯ ಪಟ್ಟಿಯಲ್ಲಿದೆ. ಅವರೆಲ್ಲರ ಹೊಟ್ಟೆಯ ಉಬ್ಬು ಸರಿಹೋಗಿತ್ತು. ಅವರಲ್ಲಿ ಹೆಚ್ಚಿನವರು ಗುಣವಾದೆವೆಂದು ನಂಬಿ ಮನೆಗೆ ನಡೆದಿದ್ದರು. ಐನ್‌ಸ್ಟೀನ್ ಕಾಲದಲ್ಲಿ ಇಂಥ ರೋಗಿಯ ಆಯುಷ್ಯ ಉಬ್ಬಿನ ಗೋಡೆ ಎಷ್ಟು ದಿನ ತಡೆಯುತ್ತದೆ ಎಂಬುದರ ಮೇಲೆ ನಿಂತಿತ್ತು. ಗೋಡೆ ಗಟ್ಟಿಮಾಡುವ ವಿದ್ಯೆಯನ್ನು ವೈದ್ಯರು ಕಲಿತರು. ಉಳಿದ ಅರ್ಧ ಕೆಲಸ ಆಸ್ಪತ್ರೆಯ ಹೊರಗೆ, ರೋಗಿಯ ಮನೆಯಲ್ಲಿ, ದಿನದಿನವೂ ನಡೆಯಬೇಕಾದದ್ದು.